27 ವರ್ಷ ದುಡಿದ ಸೌಂಡ್ ಎಂಜಿನಿಯರ್‌ನನ್ನು ಅರ್ಧ ಗಂಟೆಯಲ್ಲಿ ಮನೆಗೆ ಕಳಿಸಿದ ಕಂಪನಿಗೆ ಬಹಿರಂಗ ಪತ್ರ

ಕಂಪನಿಯ ಆಡಳಿತ ಮಂಡಳಿಯ ಮಾನ್ಯರಿಗೆ,

ನಿಮ್ಮಲ್ಲಿ 27 ವರ್ಷ ದುಡಿದ ಸೌಂಡ್ ಎಂಜಿನಿಯರ್ ಒಬ್ಬರನ್ನು ಒಂದು ಸೋಮವಾರ ಬೆಳಿಗ್ಗೆ ವಿಡಿಯೊ ಕರೆಗೆ ಕೂರಿಸಿ, ಅರ್ಧ ಗಂಟೆಯೊಳಗೆ ಕೆಲಸದಿಂದ ತೆಗೆದಿರಿ. ಕರೆ ಮುಗಿಯುವ ಹೊತ್ತಿಗೆ ಅವರ ಇಮೇಲ್ ಬಂದ್ ಆಗಿತ್ತು. ಲ್ಯಾಪ್‌ಟಾಪ್, ವ್ಯಾನಿನ ಕೀಲಿ, ಅಳತೆಯ ಮೈಕು, ಮೂರನ್ನೂ ಮಧ್ಯಾಹ್ನದೊಳಗೆ ಹಾಸನದ ಶಾಖೆಗೆ ಒಪ್ಪಿಸಿ ಎಂದಿರಿ. ಒಪ್ಪಿಸಿದರು. ಕಾರಣ ಕೇಳಿದ್ದಕ್ಕೆ ಸಿಕ್ಕಿದ್ದು "ಹುದ್ದೆಗಳ ಮರುಹೊಂದಾಣಿಕೆ" ಎಂಬ ಎರಡು ಪದ.

ಈ ಪತ್ರ ಬರೆಯುತ್ತಿರುವ ನಾವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮೈಕ್‌ಸೆಟ್, ಸಭಾಂಗಣ, ರೆಕಾರ್ಡಿಂಗ್ ಕೆಲಸ ಮಾಡುವವರು. ನಿಮ್ಮ ನೌಕರರಲ್ಲ. ಕಂಪನಿಯ ಹೆಸರನ್ನಾಗಲೀ ಆ ಹಿರಿಯರ ಹೆಸರನ್ನಾಗಲೀ ಇಲ್ಲಿ ಬರೆದಿಲ್ಲ, ಯಾರ ಮಾನ ಕಳೆಯುವುದೂ ನಮ್ಮ ಉದ್ದೇಶವಲ್ಲ. ಅವರನ್ನು ಕಳಿಸಿದ ರೀತಿ ತಪ್ಪು, ಅದರಿಂದ ಎರಡು ಜಿಲ್ಲೆಯ ಸಭಾಂಗಣಗಳಿಗೆ ಆಗುತ್ತಿರುವ ನಷ್ಟ ಏನೆಂದು ನಿಮಗೆ ತಿಳಿದಂತಿಲ್ಲ, ಅದನ್ನು ಈಗಲೂ ಸರಿಪಡಿಸಬಹುದು. ಇಷ್ಟನ್ನು ಲೆಕ್ಕ ಸಮೇತ ಹೇಳಬೇಕಾಗಿದೆ.

ಲ್ಯಾಪ್‌ಟಾಪ್ ಕೈಗೆ ಬಂತು, ಇನ್ನು ಎಲ್ಲವೂ ನಮ್ಮ ಹತ್ತಿರ ಇದೆ ಎಂದು ನಿಮ್ಮ ಕೇಂದ್ರ ಕಚೇರಿ ಅಂದುಕೊಂಡ ಹಾಗಿದೆ. ಸಭಾಂಗಣದ ಧ್ವನಿ ವ್ಯವಸ್ಥೆ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ.

ಉದ್ದದ ಸಭಾಂಗಣ ಒಂದನ್ನು ತೆಗೆದುಕೊಳ್ಳಿ. ವೇದಿಕೆಯ ಸ್ಪೀಕರ್‌ಗಳಿಂದ 20 ಮೀಟರ್ ಹಿಂದೆ, ಬಾಲ್ಕನಿಯ ಕೆಳಗೆ, ಇನ್ನೊಂದು ಜೊತೆ ಸ್ಪೀಕರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತದೆ, ಅಂದರೆ ಮೀಟರಿಗೆ 2.9 ಮಿಲಿಸೆಕೆಂಡ್. ತಂತಿಯಲ್ಲಿ ಹೋದ ಧ್ವನಿ ಹಿಂದಿನ ಸ್ಪೀಕರ್‌ನಿಂದ ತಕ್ಷಣ ಹೊರಡುತ್ತದೆ, ವೇದಿಕೆಯದು ಗಾಳಿಯಲ್ಲಿ ನಡೆದು 58 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡೆರಡಾಗಿ ಕೇಳುತ್ತದೆ. ಅದಕ್ಕೇ ಹಿಂದಿನ ಸ್ಪೀಕರ್‌ಗೆ 58 ಮಿಲಿಸೆಕೆಂಡ್ ಡಿಲೇ, ಅಂದರೆ ತಡ, ಕೊಡಬೇಕು. ಅದರ ಮೇಲೆ ಇನ್ನು 10ರಿಂದ 15 ಸೇರಿಸಬೇಕು. ಕಿವಿ ಮೊದಲು ತಲುಪಿದ ಶಬ್ದದ ದಿಕ್ಕನ್ನೇ ನಂಬುವುದರಿಂದ, ಆಗ ಮಾತು ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ, ತಲೆಯ ಮೇಲಿನ ಡಬ್ಬಿಯಿಂದ ಬಂದಂತೆ ಅಲ್ಲ. ಈ 70 ಚಿಲ್ಲರೆ ಮಿಲಿಸೆಕೆಂಡ್ ಕೂತಿರುವುದು ರ‍್ಯಾಕಿನೊಳಗಿನ ಡಿಎಸ್‌ಪಿ ಪೆಟ್ಟಿಗೆಯಲ್ಲಿ, ಸ್ಪೀಕರ್‌ಗೆ ಹೋಗುವ ಧ್ವನಿಯನ್ನು ತಿದ್ದಿ ಕಳಿಸುವ ಯಂತ್ರ ಅದು. ಅದರ ಪಾಸ್‌ವರ್ಡ್ ಗೊತ್ತಿಲ್ಲದವರು ಕೊನೆಗೆ ಮಾಡುವುದು ಒಂದೇ ಕೆಲಸ, ಫ್ಯಾಕ್ಟರಿ ರೀಸೆಟ್. ಡಿಲೇ ಹೋಯಿತು, ಕೆಳ ಸ್ವರ, ಮೇಲು ಸ್ವರಗಳನ್ನು ಬೇರೆ ಬೇರೆ ಸ್ಪೀಕರ್‌ಗೆ ಹಂಚುವ ಕ್ರಾಸ್‌ಓವರ್ ಹೋಯಿತು, ಸ್ವರಗಳ ಏರಿಳಿತ ತಿದ್ದುವ ಈಕ್ವಲೈಸರ್ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಪೀಕರ್ ಸುಡದಂತೆ ಸದ್ದಿಗೆ ಮಿತಿ ಹಾಕುವ ಲಿಮಿಟರ್ ಹೋಯಿತು. ಕ್ರಾಸ್‌ಓವರ್ ಇಲ್ಲದೆ ಬೇಸ್ ಸಿಗ್ನಲ್ ಮೇಲು ಸ್ವರದ ಪುಟ್ಟ ಸ್ಪೀಕರ್ ಆದ ಟ್ವೀಟರ್‌ಗೆ ಹೋದರೆ ಅದರ ತೆಳು ಪೊರೆ, ಡಯಾಫ್ರಾಮ್, ಆ ಸಂಜೆಯೇ ಹರಿಯಬಹುದು.

ಆ ಲಿಮಿಟರ್‌ಗೆ ಇನ್ನೊಂದು ಕೆಲಸವೂ ಇತ್ತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶಕ್ಕೆ ಗೊತ್ತುಮಾಡಿದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಬಯಲು ರಂಗಮಂದಿರದ ಕಾಂಪೌಂಡಿನ ಹತ್ತಿರ ಮೀಟರ್ ಹಿಡಿದು ನಿಂತು, ಒಳಗಿನ ಮಿತಿಯನ್ನು ಅದಕ್ಕೆ ಹೊಂದಿಸಿ ಬೀಗ ಹಾಕಿದವರು ಆ ಹಿರಿಯರು. ಆ ಬೀಗ ತೆಗೆದ ಮೇಲೆ ದೂರು ಬಂದರೆ ಪೊಲೀಸರು ಕರೆಯುವುದು ಕಾರ್ಯಕ್ರಮದ ಸಂಘಟಕರನ್ನು, ನಿಮ್ಮನ್ನಲ್ಲ.

ಇನ್ನು ಉದ್ದದ ಲೈನ್. ಹಾಸನಾಂಬೆಯ ಬಾಗಿಲು ತೆಗೆದಾಗಿನ ಸರತಿ ಸಾಲು ನೋಡಿದವರಿಗೆ ಬೀದಿಯುದ್ದಕ್ಕೂ ಹಾರ್ನ್ ಕಟ್ಟುವುದು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 300 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರ್ ತಂತಿ ಎಳೆದರೆ ಹೋಗಿ ಬರುವ ದಾರಿಯ ರೋಧವೇ ಸುಮಾರು 15 ಓಮ್. ಅದರ ತುದಿಗೆ 8 ಓಮ್ ಸ್ಪೀಕರ್ ನೇರವಾಗಿ ಕಟ್ಟಿದರೆ ಮೂರರಲ್ಲಿ ಎರಡು ಪಾಲು ಶಕ್ತಿ ತಂತಿ ಬಿಸಿ ಮಾಡುವುದಕ್ಕೇ ಖರ್ಚು. ಅದಕ್ಕೇ ವೋಲ್ಟೇಜ್ ಏರಿಸಿ ಕಳಿಸುವ 100 ವೋಲ್ಟ್ ಲೈನ್, ಪ್ರತಿ ಹಾರ್ನಿಗೂ ಅದನ್ನು ಇಳಿಸಿ ಕೊಡುವ ಒಂದು ಲೈನ್ ಟ್ರಾನ್ಸ್‌ಫಾರ್ಮರ್. ಲೆಕ್ಕ ಸುಲಭ: 250 ವಾಟ್ ಆಂಪ್ಲಿಫೈಯರ್ ಇದ್ದರೆ 80 ಶೇಕಡಾ, ಅಂದರೆ 200 ವಾಟ್ ಮಾತ್ರ ಹೊರೆ ಹಾಕಬೇಕು. ಹಾರ್ನ್ ಎಷ್ಟು ವಾಟ್ ಎಳೆಯಬೇಕೆಂದು ಟ್ರಾನ್ಸ್‌ಫಾರ್ಮರ್‌ನಲ್ಲಿ ಆರಿಸುವುದೇ ಟ್ಯಾಪಿಂಗ್, 10 ವಾಟ್ ಟ್ಯಾಪಿಂಗ್‌ನಲ್ಲಿ 20 ಹಾರ್ನ್. ಆ ಲೈನಿನ ಇಂಪೀಡೆನ್ಸ್, ಅಂದರೆ ಧ್ವನಿಯ ಸಿಗ್ನಲ್‌ಗೆ ಅದು ಒಡ್ಡುವ ತಡೆ, 50 ಓಮ್ ತೋರಿಸಬೇಕು. 30 ತೋರಿಸಿದರೆ ಹೊರೆ 333 ವಾಟ್ ಆಗಿದೆ, ಯಾರೋ ಟ್ಯಾಪಿಂಗ್ ಬದಲಿಸಿದ್ದಾರೆ ಅಂತ ಅರ್ಥ. ಇದನ್ನು ನೋಡಲು ಇಂಪೀಡೆನ್ಸ್ ಮೀಟರ್ರೇ ಬೇಕು. ಮಾಮೂಲಿ ಮಲ್ಟಿಮೀಟರ್ ಇಟ್ಟರೆ ಟ್ರಾನ್ಸ್‌ಫಾರ್ಮರ್ ಸುರುಳಿಯ ಡಿಸಿ ರೋಧ ಮಾತ್ರ ಕಾಣುತ್ತದೆ. ಲೈನ್ ಸರಿಯಿದ್ದರೂ ಶಾರ್ಟ್ ಆದ ಹಾಗೆ ತೋರಿಸಿ ದಾರಿ ತಪ್ಪಿಸುತ್ತದೆ.

ಅವರು ಹೋದ ಮೇಲೆ ಒಂದು ಕಡೆ ಸುಟ್ಟ ಹಾರ್ನ್ ತೆಗೆದು ಹೊಸದು ಹಾಕಲಾಯಿತು. ಹೊಸದರಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. 100 ವೋಲ್ಟ್ ಲೈನಿಗೆ 8 ಓಮ್ ನೇರ ಕೊಟ್ಟರೆ ಅದು ಕೇಳುವುದು 1,250 ವಾಟ್. 250 ವಾಟಿನ ಆಂಪ್ಲಿಫೈಯರ್ ಎಲ್ಲಿಂದ ಕೊಡಬೇಕು? ಒಂದು ಹಾರ್ನ್‌ನಿಂದಾಗಿ ಇಡೀ ಸಾಲೇ ಮಾತು ನಿಲ್ಲಿಸಿತು. ಹಾಕಿದ ಹುಡುಗನ ಮೇಲೆ ನಮಗೆ ಒಂದಿಷ್ಟೂ ಸಿಟ್ಟಿಲ್ಲ. ಅವನಿಗೆ ತೋರಿಸಿಕೊಡಬೇಕಾದವರನ್ನು ನೀವು ಅವನಿಗೆ ಪರಿಚಯವನ್ನೂ ಮಾಡಿಸಲಿಲ್ಲ.

ಆ ಹಿರಿಯರ ಕೆಲಸ ಎಂಥದ್ದೆಂದು ತಿಳಿಯಬೇಕಾದರೆ ಅವರು ಬೆಸುಗೆ ಹಾಕಿದ ಎಕ್ಸ್‌ಎಲ್‌ಆರ್ ತುದಿಯೊಂದನ್ನು, ಅಂದರೆ ಮೈಕ್ ಕೇಬಲಿನ ಮೂರು ಪಿನ್ನಿನ ಕೊಂಡಿಯನ್ನು, ಬಿಚ್ಚಿ ನೋಡಿ. ಕೇಬಲಿನ ಮೇಲ್ಪದರ ಸರಿಯಾಗಿ 2 ಸೆಂಟಿಮೀಟರ್ ಸುಲಿದಿರುತ್ತದೆ. ಹೊರಗಿನ ಗದ್ದಲ ತಡೆಯುವ ಶೀಲ್ಡ್ ಎಳೆಗಳನ್ನು ಹೊಸೆದು, ಮೇಲೊಂದು ಕಪ್ಪು ತೋಳು ತೊಡಿಸಿ ಪಿನ್ 1ಕ್ಕೆ ಕೊಟ್ಟಿರುತ್ತದೆ. ಆ ಎಳೆಯನ್ನು ಮಿಕ್ಕ ಎರಡಕ್ಕಿಂತ ಕೂದಲೆಳೆಯಷ್ಟು ಉದ್ದ ಬಿಟ್ಟಿರುತ್ತಾರೆ, ಯಾರಾದರೂ ಎಳೆದರೆ ಅರ್ಥ್ ಕೊನೆಗೆ ಕಡಿಯಲಿ ಎಂದು. ಬೆಸುಗೆ ಹೊಳೆಯುತ್ತಿರುತ್ತದೆ, ಪಿನ್ನಿನ ಬಟ್ಟಲು ತುಂಬಿ ನಿಂತಿರುತ್ತದೆ, ಹೊರಗೆ ಒಂದು ಹನಿಯೂ ಚೆಲ್ಲಿರುವುದಿಲ್ಲ. ಕ್ಲಾಂಪ್ ಕಚ್ಚಿರುವುದು ಮೇಲ್ಪದರವನ್ನು, ಒಳಗಿನ ತಂತಿಯನ್ನಲ್ಲ. ಒಳಗೆ ಸಣ್ಣ ಕಾಗದದ ಚೂರು, ಅದರ ಮೇಲೆ ತಿಂಗಳು ಮತ್ತು ವರ್ಷ. ಈಗ ಅದೇ ಸಭಾಂಗಣದಲ್ಲಿ ಮೊನ್ನೆ ಮೊನ್ನೆ ಮಾಡಿದ ತುದಿಯನ್ನು ಬಿಚ್ಚಿ. ಶೀಲ್ಡಿನ ಒಂದೆರಡು ಎಳೆ ಬಿಟ್ಟುಕೊಂಡು ಪಿನ್ 3ಕ್ಕೆ ತಾಗುತ್ತಿವೆ. ಆ ಚಾನಲ್‌ನಲ್ಲಿ ಮಿಕ್ಸರ್ ಅದೇ ಕೇಬಲಿನಲ್ಲಿ ಕಳಿಸುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಇದ್ದರೆ, ಅದರಿಂದಲೇ ನಡೆಯುವ ಕಂಡೆನ್ಸರ್ ಮೈಕಿಗೆ ಅರ್ಧ ಕಡೆಯಿಂದ ಮಾತ್ರ ವಿದ್ಯುತ್. ಮೈಕು ಒಮ್ಮೆ ಮಾತಾಡುತ್ತದೆ, ಒಮ್ಮೆ ಗರಗರ ಅನ್ನುತ್ತದೆ. ಭಾಷಣಕಾರರು ಮೈಕ್ ಸರಿಯಿಲ್ಲ ಅನ್ನುತ್ತಾರೆ. ಹೊಸ ಮೈಕು ಕೊಳ್ಳಲಾಗುತ್ತದೆ. ಅದೂ ಗರಗರ ಅನ್ನುತ್ತದೆ.

ಹಮ್ಮಿಂಗ್ ವಿಷಯ ಇನ್ನೂ ಗಂಭೀರ. ವೇದಿಕೆಯ ಲ್ಯಾಪ್‌ಟಾಪ್ ಒಂದು ಸಾಕೆಟ್‌ನಿಂದ, ಹಿಂದಿನ ಮಿಕ್ಸರ್ ಬೇರೆ ಸಾಕೆಟ್‌ನಿಂದ ವಿದ್ಯುತ್ ಪಡೆಯುತ್ತಿದ್ದರೆ, ಎರಡರ ಅರ್ಥಿಂಗ್ ನಡುವಿನ ಸಣ್ಣ ವ್ಯತ್ಯಾಸವೇ ಆಡಿಯೊ ಕೇಬಲಿನ ಶೀಲ್ಡ್ ಮೇಲೆ ಹರಿದು 50 ಹರ್ಟ್ಸ್ ಗುಂಯ್‌ಗುಡುವಿಕೆ ಆಗುತ್ತದೆ. ಸರಿಯಾದ ದಾರಿ: ಧ್ವನಿಯ ಸಾಮಾನೆಲ್ಲ ಒಂದೇ ಬೋರ್ಡಿನಿಂದ, ಒಂದೇ ಅರ್ಥಿಂಗ್‌ನಿಂದ ಬರಲಿ. ಆಗದಿದ್ದರೆ ಲ್ಯಾಪ್‌ಟಾಪ್ ಮುಂದೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಧ್ವನಿಯನ್ನು ಮಿಕ್ಸರ್‌ಗೆ ಒಗ್ಗಿಸಿ ಕಳಿಸುವ ಪುಟ್ಟ ಡಬ್ಬಿ) ಹಾಕಿ, ಶೀಲ್ಡಿನ ಕೊಂಡಿ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಗಡಿಬಿಡಿಯವರು ಹಿಡಿಯುವ ದಾರಿ ಬೇರೆ, ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವುದು. ಹಮ್ಮಿಂಗ್ ನಿಲ್ಲುತ್ತದೆ ನಿಜ. ಆಮೇಲೆ ಯಾವುದೋ ಒಂದು ಮಳೆಗಾಲದ ಸಂಜೆ, ಒದ್ದೆ ವೇದಿಕೆ, ಬರಿಗಾಲಿನ ವೀರಗಾಸೆ ಕಲಾವಿದ, ಕೈಯಲ್ಲಿ ಲೋಹದ ಮೈಕು, ಹಿಂದೆ ಲೀಕೇಜ್ ಇರುವ ಆಂಪ್ಲಿಫೈಯರ್. ಅವರು ನೋಡಿಕೊಳ್ಳುತ್ತಿದ್ದ ಸಭಾಂಗಣಗಳಲ್ಲಿ ಒಂದೇ ಒಂದು ಪ್ಲಗ್ಗಿನ ಪಿನ್ ಕಿತ್ತಿರಲಿಲ್ಲ. ಈಗ ಎರಡು ಕಡೆ ಕಿತ್ತಿದ್ದಾರೆ. ಇದನ್ನು ಈ ವಾರವೇ ಸರಿಪಡಿಸಿ, ಮಿಕ್ಕ ವಿಷಯಕ್ಕೆ ಉತ್ತರ ಕೊಡಲು ಸಮಯ ತೆಗೆದುಕೊಂಡರೂ ಸರಿ.

ಎಲ್ಲ ಜಿಲ್ಲೆಗೂ ಒಂದೇ ವೇಳಾಪಟ್ಟಿ, ಮೂರು ತಿಂಗಳಿಗೊಂದು ಭೇಟಿ ಎಂದು ನೀವು ಹೊಸ ಸುತ್ತೋಲೆ ಕಳಿಸಿದ್ದೀರಿ. ಬೆಂಗಳೂರಿನಲ್ಲಿ ಕೂತು ನೋಡಿದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಈ ಎರಡು ಜಿಲ್ಲೆಗಳು ತಮ್ಮೊಳಗೇ ಎರಡೆರಡು ಊರು. ಅರಸೀಕೆರೆ, ಕಡೂರು ಬಯಲುಸೀಮೆ, ಅಲ್ಲಿ ಶತ್ರು ಧೂಳು. ಆಂಪ್ಲಿಫೈಯರ್ ಫ್ಯಾನಿನ ಮುಂದಿನ ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ಕೊಡವದಿದ್ದರೆ ಗಾಳಿ ಆಡುವುದಿಲ್ಲ, ಒಳಗೆ ಬಿಸಿ ಏರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯುಸ್ಸು 10 ಡಿಗ್ರಿ ಬಿಸಿ ಹೆಚ್ಚಾದರೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿನ ರ‍್ಯಾಕ್‌ಗಳನ್ನು ಕಾರ್ಯಕ್ರಮ ಇರಲಿ ಬಿಡಲಿ ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ ಒಣಗಿಸಬೇಕು. ಜ್ಯಾಕ್‌ಗಳ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುವ ಮುಂಚೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಬೇಕು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದರೆ ಅದೇ ಅಂಟಾಗಿ ಧೂಳು ಹಿಡಿಯುತ್ತದೆ. ಕಂಡೆನ್ಸರ್ ಮೈಕಿನ ಕ್ಯಾಪ್ಸೂಲ್‌ಗೆ ತೇವ ಹೊಕ್ಕರೆ ಅದರ ಚಾರ್ಜ್ ಸೋರಿ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಕೇಳುತ್ತದೆ. ಅದಕ್ಕೇ ಮೈಕುಗಳು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಅಂತ, 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ನೀಲಿ. ಮಲೆನಾಡಿನಲ್ಲಿ ಮೂರು ತಿಂಗಳಿಗೊಂದು ಭೇಟಿ ಅಂದರೆ ಇಡೀ ಮುಂಗಾರಿನಲ್ಲಿ ಒಂದೋ ಎರಡೋ ಸಲ.

ಇನ್ನೊಂದು ಸಂಗತಿ ಯಾವ ಫೈಲಿನಲ್ಲೂ ಬರೆಯಲಾಗದ್ದು. 25 ಮೀಟರ್ ಉದ್ದ, 15 ಅಗಲ, 8 ಎತ್ತರದ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ. ಒಳಗೆ 3,000 ಘನ ಮೀಟರ್ ಗಾಳಿ. ಖಾಲಿ ಇದ್ದಾಗ ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮೊಳಗು, 2 ಸೆಕೆಂಡ್ ಇದೆ ಅನ್ನಿ. 300 ಜನ ಬಂದು ಕೂತರೆ, ಒಬ್ಬೊಬ್ಬರ ಮೈ, ಬಟ್ಟೆ ಸುಮಾರು ಅರ್ಧ ಚದರ ಮೀಟರಿನಷ್ಟು ಶಬ್ದ ಹೀರಿ, ಅದು 1.2 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಕೂತು ಹೊಂದಿಸಿದ್ದೆಲ್ಲ ಸಂಜೆಗೆ ಸುಳ್ಳಾಗುತ್ತದೆ. ಖಾಲಿಯಿದ್ದಾಗ ಕೇಳಿದ್ದಕ್ಕಿಂತ ಎಷ್ಟು ಬೇರೆ ಕೇಳುತ್ತದೆ ಅನ್ನುವುದು ಆಯಾ ಸಭಾಂಗಣದಲ್ಲಿ ವರ್ಷಗಟ್ಟಲೆ ಕಿವಿ ಇಟ್ಟವರಿಗೆ ಮಾತ್ರ ಗೊತ್ತು. ತೆರೆದ ಮೈಕು ಎರಡರಷ್ಟಾದಂತೆಲ್ಲ, ಸ್ಪೀಕರಿನ ಸದ್ದೇ ಮೈಕಿಗೆ ಮರಳಿ ಕೂಗು ಹಿಡಿಯುವ ಮುಂಚೆ ಸಿಗುವ ಅವಕಾಶ 3 ಡೆಸಿಬೆಲ್ ಕಮ್ಮಿ. ಎಂಟು ಮೈಕು ತೆರೆದರೆ 9 ಡೆಸಿಬೆಲ್ ಹೋಯಿತು. ಪುಸ್ತಕದಲ್ಲಿ ಇಷ್ಟು ಸಿಗುತ್ತದೆ. ಹರಿಕಥೆ ದಾಸರು ತಾಳ ತಟ್ಟುತ್ತಾ ಪಕ್ಕಕ್ಕೆ ತಿರುಗುವಾಗ ಯಾವ ಮೈಕು ಇಳಿಸಬೇಕು ಅನ್ನುವುದು ಪುಸ್ತಕದಲ್ಲಿ ಇಲ್ಲ.

ಈಗ ಕಾನೂನಿನ ಮಾತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅವರ ಕಾರ್ಡಿನಲ್ಲಿ "ಸೀನಿಯರ್ ಮ್ಯಾನೇಜರ್" ಎಂದಿದೆ, ಆದ್ದರಿಂದ ಅವರು ಕಾರ್ಮಿಕರಲ್ಲ, ಕೆಲಸದಿಂದ ತೆಗೆಯುವಾಗ ಆ ಸಂಹಿತೆಗಳು ಕೊಡುವ ರಕ್ಷಣೆ ಅವರಿಗೆ ಬರುವುದಿಲ್ಲ ಎಂದು ನಿಮ್ಮ ಮಾನವ ಸಂಪನ್ಮೂಲ ವಿಭಾಗ ಹೇಳಿದೆ. ಹುದ್ದೆಯ ಹೆಸರು ನೋಡಿ ಇದು ತೀರ್ಮಾನವಾಗುವುದಿಲ್ಲ. ಮುಖ್ಯವಾಗಿ ಮಾಡುತ್ತಿದ್ದ ಕೆಲಸ ಯಾವುದು ಎಂಬುದೇ ಅಳತೆಗೋಲು. ತಾಂತ್ರಿಕ ಕೆಲಸ ಮಾಡುವವರು ಕಾರ್ಮಿಕರೇ. ಹೊರಗಿಡುವುದು ಪ್ರಧಾನವಾಗಿ ಆಡಳಿತ ನಡೆಸುವವರನ್ನು, ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರನ್ನು. ಅವರ ಕೈಕೆಳಗೆ ಯಾರೂ ಇರಲಿಲ್ಲ. ರಜೆ ಮಂಜೂರು ಮಾಡುವ ಅಧಿಕಾರವೂ ಇರಲಿಲ್ಲ. ಕೈಯಲ್ಲಿ ಇದ್ದದ್ದು ಬೆಸುಗೆ ಕಡ್ಡಿ, ಅಳತೆಯ ಮೈಕು.

ಹಾಗಿದ್ದ ಮೇಲೆ ವರ್ಷ ತುಂಬಿದ ನೌಕರರನ್ನು ಕಡಿತ ಮಾಡಲು ಒಂದು ತಿಂಗಳ ಲಿಖಿತ ನೋಟಿಸು, ಅದರಲ್ಲಿ ಕಾರಣ, ಇಲ್ಲವೇ ಆ ತಿಂಗಳ ಸಂಬಳ. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. ಕಡಿತವಾದ 45 ದಿನದೊಳಗೆ ಮರುಕೌಶಲ್ಯ ನಿಧಿಯಿಂದ ಇನ್ನೊಂದು 15 ದಿನದ ವೇತನ ಅವರ ಖಾತೆಗೆ. ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ. ಗ್ರಾಚ್ಯುಟಿ 30 ದಿನದೊಳಗೆ. ಉದಾಹರಣೆಗೆ, ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನ 52,000 ಎಂದಿಟ್ಟುಕೊಂಡರೆ 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ವರ್ಷಕ್ಕೆ 30,000. 27 ವರ್ಷಕ್ಕೆ ಗ್ರಾಚ್ಯುಟಿಯೇ 8,10,000 ರೂಪಾಯಿ. ಇದು ದಾನವಲ್ಲ, ಕಡಿತದ ಪರಿಹಾರದ ಬದಲಿಯೂ ಅಲ್ಲ, ಎರಡೂ ಬೇರೆ ಬೇರೆ ಬರಬೇಕು.

ಅದೇ ಸಂಹಿತೆಗಳಲ್ಲಿ ಇನ್ನೊಂದು ಮಾತಿದೆ: ಸಾಮಾನ್ಯವಾಗಿ ಆ ವರ್ಗದಲ್ಲಿ ಕೊನೆಗೆ ಸೇರಿದವರನ್ನು ಮೊದಲು ಕಡಿತ ಮಾಡಬೇಕು, ಹಾಗೆ ಮಾಡದಿದ್ದರೆ ಕಾರಣ ಬರೆದಿಡಬೇಕು. ನೀವು ಎಲ್ಲರಿಗಿಂತ ಹಿರಿಯರನ್ನು ತೆಗೆದಿರಿ. ಎಲ್ಲಿ ಬರೆದಿಟ್ಟಿದ್ದೀರಿ? ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಜನ ಬೇಕಾದರೆ ತೆಗೆದವರಿಗೇ ಮೊದಲ ಅವಕಾಶ ಎಂದೂ ಇದೆ. ತಪ್ಪು ಮಾಡಿದ್ದಾರೆ ಎನ್ನುವುದಾದರೆ ದಾರಿ ಬೇರೆ, ಆರೋಪ ಪಟ್ಟಿ ಕೊಡಿ, ವಿಚಾರಣೆ ನಡೆಸಿ, ಅವರ ಉತ್ತರ ಕೇಳಿ. ಕರೆಯ ಕೊನೆಯಲ್ಲಿ "ರಾಜೀನಾಮೆ ಅಂತ ಬರೆದುಕೊಟ್ಟರೆ ನಿಮಗೇ ಒಳ್ಳೆಯದು" ಅಂದರಂತೆ. ಅವರು ಬರೆದುಕೊಡಲಿಲ್ಲ, ಒಳ್ಳೆಯದೇ ಮಾಡಿದರು. ಈ ಕೆಲಸದಲ್ಲಿರುವ ಕಿರಿಯರೂ ಇದನ್ನು ನೆನಪಿಟ್ಟುಕೊಳ್ಳಿ: ಆ ಕಾಗದಕ್ಕೆ ಸಹಿ ಬಿದ್ದರೆ ಕಡಿತದ ಪರಿಹಾರದ ದಾರಿ ಬಹುಮಟ್ಟಿಗೆ ಮುಚ್ಚಿತು.

ನಾವು ಕೇಳುವುದು ಇಷ್ಟು. ತೆಗೆದ ಆದೇಶವನ್ನು ಹಿಂಪಡೆಯಿರಿ. ಅದಾಗದು ಅಂದರೆ ಕಾರಣವನ್ನು ಲಿಖಿತವಾಗಿ ಕೊಟ್ಟು, ಬಾಕಿಯನ್ನೆಲ್ಲ ಬಿಡಿಬಿಡಿಯಾಗಿ ಲೆಕ್ಕ ತೋರಿಸಿ ತೀರಿಸಿ, ಅನುಭವ ಪತ್ರ ಕೊಡಿ. ಆಮೇಲೆ, ಅವರು ಒಪ್ಪಿದರೆ ಮಾತ್ರ, ಪೂರ್ತಿ ಸಂಭಾವನೆ ಕೊಟ್ಟು ಮೂರು ತಿಂಗಳು ಕರೆಸಿ, ಹೊಸಬರಿಬ್ಬರನ್ನು ಜೊತೆಗೆ ಬಿಡಿ. ಬಿಟ್ಟಿ ಫೋನು ಮಾಡಿ "ಸಾರ್, ಆ ಪಾಸ್‌ವರ್ಡ್ ಏನಿತ್ತು?" ಎಂದು ಕೇಳಿಸುವುದನ್ನು ಇವತ್ತೇ ನಿಲ್ಲಿಸಿ. ಆ ಮೂರು ತಿಂಗಳಲ್ಲಿ ಪ್ರತಿ ಸಭಾಂಗಣದ ಡಿಎಸ್‌ಪಿ ಫೈಲು, ಮಿಕ್ಸರಿನ ಹೊಂದಾಣಿಕೆ ಉಳಿಸಿಟ್ಟ ಸೀನ್ ಫೈಲು ಎರಡು ಪೆನ್‌ಡ್ರೈವ್‌ಗೆ ಹೋಗಲಿ, ಒಂದು ನಿಮ್ಮಲ್ಲಿ, ಒಂದು ಸಭಾಂಗಣದ ಬೀರುವಿನಲ್ಲಿ. ಪ್ರತಿ ಲೈನಿನ ಇಂಪೀಡೆನ್ಸ್ ಅಳೆದು ರ‍್ಯಾಕಿನ ಬಾಗಿಲ ಒಳಗೆ ಬರೆದು ಅಂಟಿಸಲಿ. ಮಿಕ್ಸರಿನೊಳಗಿನ ನಾಣ್ಯದಂಥ ಬ್ಯಾಟರಿ ಯಾವಾಗ ಬದಲಿಸಿದ್ದು ಎಂದೂ ಅಲ್ಲೇ ಇರಲಿ.

ಸಭಾಂಗಣಗಳನ್ನು ನಡೆಸುವ ಸಂಘ, ಸಂಸ್ಥೆ, ಮಠ, ಶಾಲೆಗಳವರಿಗೂ ಒಂದು ಮಾತು. ವಾರ್ಷಿಕ ನಿರ್ವಹಣೆಗೆ ಹಣ ಕೊಡುವವರು ನೀವು. ಮುಂದಿನ ಕರಾರಿಗೆ ಸಹಿ ಹಾಕುವ ಮುಂಚೆ ಆ ಪೆನ್‌ಡ್ರೈವ್ ಮತ್ತು ಪಾಸ್‌ವರ್ಡ್ ನಿಮ್ಮ ಕೈಗೆ ಕೊಡಬೇಕೆಂದು ಬರೆಸಿಕೊಳ್ಳಿ, ನಿಮ್ಮ ಸಾಮಾನಿನ ಬೀಗ ನಿಮ್ಮದೇ. ಯಾವ ಪ್ಲಗ್ಗಿಗೆ ಮೂರು ಪಿನ್ ಇಲ್ಲವೋ ಆ ಪ್ಲಗ್ಗನ್ನು ಇವತ್ತು ಸಂಜೆಯ ಕಾರ್ಯಕ್ರಮಕ್ಕೆ ಹಾಕಬೇಡಿ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಈ ಪತ್ರದ ಪ್ರತಿಯನ್ನು, ಅವರ ಅರ್ಜಿಯ ಜೊತೆ, ಹಾಸನದ ಕಾರ್ಮಿಕ ಅಧಿಕಾರಿಗಳ ಮುಂದೆ ಸಂಧಾನಕ್ಕಾಗಿ ಇಡಲಾಗುವುದು. ಅವರು ಮಾಡುತ್ತಿದ್ದ ಕೆಲಸ ತಾಂತ್ರಿಕವೋ ಆಡಳಿತವೋ ಎಂಬ ಪ್ರಶ್ನೆ ಅಲ್ಲಿ ಎದ್ದರೆ, ಎರಡು ಜಿಲ್ಲೆಗಳ ಸಭಾಂಗಣಗಳಲ್ಲಿ ಅವರು ತಿಂಗಳು, ವರ್ಷ ಬರೆದಿಟ್ಟ ಕೇಬಲ್ ತುದಿಗಳನ್ನು ಬಿಚ್ಚಿ ಮೇಜಿನ ಮೇಲೆ ಇಡುತ್ತೇವೆ.

ಇತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಧ್ವನಿ ತಂತ್ರಜ್ಞರು